ಗುರುವಾರದ ಮುಲ್ಲಂಗಿ ಕಡುಬು

"ಶಿವಾ... ಶಿವಾ..."

ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಅಂದಳು ದಾಕ್ಷಾಯಣಿ. ಗಾಜಿನ ಕಿಟಕಿಯ ಆಚೆ, ಅವಳ ಮೂಗಿನ ನೇರಕ್ಕೆ, ಆರು ಬಾತುಕೋಳಿಗಳು ಕೊಕ್ಕೆಯಲ್ಲಿ ನೇತಾಡುತ್ತಿದ್ದವು. ಸುಟ್ಟು ಕೆಂಪಾದ ಚರ್ಮದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಸತ್ತಿದಾವೆ ಮೇಡಂ. ಏನೂ ಮಾಡಲ್ಲ."

ಬೆನ್ನ ಹಿಂದೆ ಗಂಡು ದನಿ. ಅದೂ ಕನ್ನಡದಲ್ಲಿ! ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ, ಸ್ಟಾಕ್ಟನ್ ಸ್ಟ್ರೀಟಿನ ಮೀನು ಮಾರ್ಕೆಟ್ಟಿನ ಗದ್ದಲದಲ್ಲಿ!

ಬೆಚ್ಚಿ ತಿರುಗಿದ ರಭಸಕ್ಕೆ ಕೈಯ ನೋಟ್‌ಬುಕ್ಕು ಒದ್ದೆ ಫುಟ್‌ಪಾತಿಗೆ ಬಿತ್ತು. ಎತ್ತಿದವನು ಅದನ್ನು ತನ್ನ ಷರ್ಟಿಗೇ ಒರೆಸಿ, ಮೇಲಿನ ಹೆಸರು ಓದಿ ಹುಬ್ಬೇರಿಸಿದ.

"ಡಿ. ಪಟ್ಟಣಶೆಟ್ಟಿ... ನೀವೇನಾ? ಈಮೇಲ್ ನೋಡಿ ಐವತ್ತು ವರ್ಷದ ಗಂಡಸು ಅಂದ್ಕೊಂಡಿದ್ದೆ ಕಣ್ರೀ!"

ಅವನ ಹೆಸರು ಜಯರಾಮ್. ಮಂಡ್ಯದ ಕಡೆಯವನು. ಅವಳ ಆಫೀಸಿನಲ್ಲೇ ಪ್ರೋಗ್ರಾಮರ್ ಆಗಿ ಸೇರಿ ಮೂರು ವಾರವಾಗಿತ್ತು. ಆ ಮೂರು ವಾರದಲ್ಲಿ ದಾಕ್ಷಾಯಣಿ ಅವನನ್ನು ಒಮ್ಮೆಯೂ ನೋಡಿರಲಿಲ್ಲ. ನೋಡುವುದಾದರೂ ಹೇಗೆ? ತನ್ನ ಮೂಲೆಯಿಂದೆದ್ದು ನೀರು ಕುಡಿಯಬೇಕಾದರೂ ಅಲ್ಲಿ ಯಾರೂ ಇಲ್ಲದ ಹೊತ್ತು ಕಾಯುವ ಹುಡುಗಿ ಅವಳು.

ಅದು ಎರಡು ಸಾವಿರದ ಇಸವಿಯ ಆಗಸ್ಟ್. ಊರಿನ ಹೋಟೆಲುಗಳನ್ನೆಲ್ಲ ಇಂಟರ್‌ನೆಟ್ಟಿಗೆ ಏರಿಸುತ್ತೇವೆಂದು ಹೊರಟ ಕಂಪನಿ ಅವರದು. ಹೋಟೆಲುಗಳ ಬಗ್ಗೆ ಬರೆಯುತ್ತಿದ್ದ ಇಬ್ಬರು ಇನ್ನೊಂದು ಕಂಪನಿಗೆ ಹಾರಿದ ದಿನ ಬಾಸು ನೇರ ಅವಳ ಮೂಲೆಗೆ ಬಂದಿದ್ದ. "ನಿನ್ನ ಇಂಗ್ಲಿಷ್ ಚೆನ್ನಾಗಿದೆ. ಇನ್ನು ಚೈನಾಟೌನ್ ನಿನ್ನದು." ಪ್ರತಿ ಗುರುವಾರ ನಾಲ್ಕು ಹೋಟೆಲು. ವಿಳಾಸ, ತೆರೆಯುವ ಹೊತ್ತು, ಮತ್ತೆ ಎರಡು ಸಾಲು ರುಚಿ.

ರುಚಿ!

ಗುಳೇದಗುಡ್ಡದ ಬಟ್ಟೆ ಅಂಗಡಿ ಸಂಗನಬಸಪ್ಪನವರ ಮಗಳು ಅವಳು. ಕೊರಳಲ್ಲಿ ಬೆಳ್ಳಿ ಕರಡಿಗೆ, ಅದರೊಳಗೆ ಲಿಂಗ. ಮೊಟ್ಟೆಯನ್ನೂ ಮುಟ್ಟಿದವಳಲ್ಲ. 'ಆಗಲ್ಲ' ಅಂದುಬಿಡಬೇಕಿತ್ತು. ಆದರೆ ಓದು ಮುಗಿಸಿದವರಿಗೆ ಇಲ್ಲಿ ಕೆಲಸ ಮಾಡಲು ಸಿಗುವುದು ಒಂದೇ ವರ್ಷದ ಅನುಮತಿ. ಅದರಲ್ಲಿ ಈ ಕೆಲಸವೂ ಹೋದರೆ...?

"ನನ್ನನ್ನ ಫೋಟೋ ತೆಗೆಯೋಕೆ ಕಳಿಸಿದ್ದಾರೆ," ಜಯರಾಮ್ ಕೊರಳ ಕ್ಯಾಮರಾ ತೋರಿಸಿದ. "ನೀವೇನು, ಕಣ್ಣು ಮುಚ್ಕೊಂಡೇ ಹೋಟ್ಲು ನೋಡ್ತೀರಾ?"

"ನಾ... ಇವನ್ನೆಲ್ಲಾ ತಿನ್ನಂಗಿಲ್ರಿ." ಅವನ ಕೈಯಿಂದ ನೋಟ್‌ಬುಕ್ಕು ಇಸಿದುಕೊಂಡಳು. "ಯಾರಿಗೂ ಹೇಳಬ್ಯಾಡ್ರಿ. ಕೆಲಸಾ ಹೋಗ್ತೈತಿ."

ನಗಲು ಬಾಯಿ ತೆರೆದವನು ಅವಳ ಕಣ್ಣು ನೋಡಿ ಮುಚ್ಚಿದ.

"ಅಷ್ಟೇನಾ? ನಾನು ತಿಂತೀನಿ, ನೀವು ಬರೀರಿ. ನಾನು ತಿನ್ನದೇ ಬಿಟ್ಟಿರೋದು ಕುರ್ಚಿ, ಮೇಜು ಎರಡೇ ಅಂತ ನಮ್ಮಮ್ಮ ಹೇಳ್ತಿರ್ತಾರೆ."

ಅವರ ಗುರುವಾರಗಳು ಶುರುವಾದದ್ದು ಹೀಗೆ.

ಅವನು ತಿನ್ನುತ್ತಿದ್ದ. ಅವಳು ಎದುರಿಗೆ ಕೂತು, ತಟ್ಟೆ ಕಾಣದಂತೆ ಮೆನು ಅಡ್ಡ ಹಿಡಿದು ಬರೆಯುತ್ತಿದ್ದಳು.

"ಹೆಂಗೈತ್ರಿ?"

"ಹ್ಞೂಂ... ನಮ್ಮೂರ ಕೋಳಿ ಸಾರಿಗೆ ಯಾರೋ ಬೆಲ್ಲ ಹಾಕಿ, ತಪ್ಪಾಯ್ತು ಅಂತ ಶುಂಠಿ ಸುರಿದ ಹಾಗಿದೆ."

"ಇದನ್ನ ಇಂಗ್ಲಿಷಿನ್ಯಾಗ ಹೆಂಗ ಬರೀಲಿ?"

"ಅದು ನಿಮ್ಮ ತಲೆನೋವು. ನಂದು ಹೊಟ್ಟೆ ಕೆಲಸ."

ಆದರೂ ಅವಳು ಬರೆಯುತ್ತಿದ್ದಳು, ಚೆನ್ನಾಗಿಯೇ. 'ಊರಲ್ಲಿ ನಿನ್ನಷ್ಟು ರುಚಿ ಬಲ್ಲವರು ಯಾರೂ ಇಲ್ಲ' ಎಂದು ಬಾಸಿನ ಮೇಲ್ ಬಂದ ದಿನ ಇಬ್ಬರೂ ಕೇಬಲ್ ಕಾರಿನ ಸ್ಟಾಪಿನಲ್ಲಿ ನಿಂತು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ತಾನು ಅಷ್ಟು ಜೋರಾಗಿ ನಕ್ಕದ್ದು ನೆನೆದು, ವಾಲ್ನಟ್ ಕ್ರೀಕಿನ ಮನೆಗೆ ಮರಳುವ ಬಾರ್ಟ್ ರೈಲಿನಲ್ಲಿ ದಾಕ್ಷಾಯಣಿಗೆ ಭಯವಾಯಿತು. ಇಷ್ಟು ಖುಷಿ ಪಡಬಹುದೇ? ಇದಕ್ಕೆ ಮುಂದೆ ಏನು ತೆರಬೇಕೋ...?

ಎರಡನೆಯ ಗುರುವಾರ ಅವಳಿಗೆ ತಲೆ ಸುತ್ತಿ ಬಂದಿತ್ತು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಅದರ ಮೇಲೆ ಆ ಕಡಿದಾದ ರಸ್ತೆ ಬೇರೆ ಹತ್ತಿದ್ದಳು. ಜಯರಾಮ್ ಅವಳನ್ನು ಗಲ್ಲಿಯೊಂದರ ಪುಟ್ಟ ಹೋಟೆಲಿಗೆ ಕರೆದೊಯ್ದು ಕೂರಿಸಿದ. ಹಬೆಯಾಡುವ ತಳ್ಳುಗಾಡಿಗಳು ಮೇಜುಗಳ ನಡುವೆ ಓಡಾಡುತ್ತಿದ್ದವು. ಒಂದರಲ್ಲಿ ಬೆಳ್ಳನೆಯ ಚೌಕ ತುಂಡುಗಳು, ಎರಡೂ ಬದಿ ಹೊಂಬಣ್ಣಕ್ಕೆ ಕಾಯಿಸಿದ್ದವು.

"ಏನಿದು?" ಗಾಡಿಯ ಹೆಂಗಸನ್ನು ಕೇಳಿದ.

"ಮುಲ್ಲಂಗಿ," ಅಂದಳು ಆಕೆ, ಇಂಗ್ಲಿಷಿನಲ್ಲಿ ಒಂದೇ ಮಾತು.

"ಬರೀ ಮುಲ್ಲಂಗಿ, ಅಕ್ಕಿ ಹಿಟ್ಟು ಕಣ್ರೀ. ನಮ್ಮ ಕಡುಬಿನ ಥರ. ಧೈರ್ಯವಾಗಿ ತಿನ್ನಿ."

ಅಂಜುತ್ತಲೇ ಬಾಯಿಗಿಟ್ಟಳು. ಬಿಸಿ, ಮೆತ್ತನೆ, ಅಂಚಿನಲ್ಲಿ ಗರಿಗರಿ. ಅಲ್ಲಲ್ಲಿ ಹುರಿದ ಈರುಳ್ಳಿಯಂಥ ಕೆಂಪು ಚೂರು. ಎಷ್ಟೋ ತಿಂಗಳಾದ ಮೇಲೆ ಹೊರಗೆ, ಜನರ ನಡುವೆ ಕೂತು, ಬಿಸಿಯಾದದ್ದೊಂದನ್ನು ಹೊಟ್ಟೆ ತುಂಬ ತಿಂದಳು. ಕಣ್ಣೀರು ತಾನಾಗಿ ಇಳಿಯಿತು.

"ಖಾರ ಇದೆಯಾ?" ಗಾಬರಿಯಿಂದ ಕೇಳಿದ.

"ಇಲ್ರಿ... ಭಾಳ ಚಲೋ ಐತಿ."

ಅವನು ಅವಳನ್ನೇ ನೋಡುತ್ತ ಕೂತುಬಿಟ್ಟ. ಅವನ ಪಾಲಿನ ಚಹಾ ಆರಿಹೋಯಿತು.

ಅಂದಿನಿಂದ ಪ್ರತಿ ಗುರುವಾರ, ಎಷ್ಟೇ ಹೋಟೆಲು ಸುತ್ತಿದರೂ, ಕೊನೆಗೆ ಅಲ್ಲಿಗೆ ಬರುವುದು ರೂಢಿಯಾಯಿತು. ಹೋಟೆಲಿನ ಒಡತಿ ಮಿಸೆಸ್ ಲಿಯಾಂಗ್ ಅವಳನ್ನು ಕಂಡೊಡನೆ ಅಡುಗೆಮನೆಯಿಂದಲೇ ತಟ್ಟೆ ತಂದಿಡುತ್ತಿದ್ದಳು.

'ಗುರುವಾರ ಬಂತೆಂದರೆ ಎದೆ ಹೊಡೆದುಕೊಳ್ಳುತ್ತದೆ. ಬಾರದಿದ್ದರೂ ಹೊಡೆದುಕೊಳ್ಳುತ್ತದೆ' ಎಂದು ಡೈರಿಯಲ್ಲಿ ಬರೆದಳು. ಬರೆದು, ಯಾರೋ ಓದುತ್ತಾರೆಂಬಂತೆ ಆ ಸಾಲನ್ನು ಹೊಡೆದು ಹಾಕಿದಳು.

ಅವನಿಗೂ ಏನೋ ಇದೆ ಅನ್ನಿಸುತ್ತಿತ್ತು. ಎಷ್ಟೋ ಸಲ ಅವಳು ತಿನ್ನುವಾಗ "ದಾಕ್ಷಾಯಣಿಯವರೇ, ಒಂದು ಮಾತು..." ಎಂದು ಶುರು ಮಾಡುವನು. ಅವಳು ತಲೆ ಎತ್ತಿದ ಕೂಡಲೇ "ಏನಿಲ್ಲ ಬಿಡಿ, ಮುಂದಿನ ವಾರ" ಅನ್ನುವನು. ಏನಿರಬಹುದು ಆ ಮಾತು? ತಾನು ಅಂದುಕೊಂಡದ್ದೇ ಆಗಿದ್ದರೆ... ಅಯ್ಯೋ! ಆಗಿರದಿದ್ದರೆ?

ಹೀಗೆ ಏಳು ತಿಂಗಳು ಕಳೆಯಿತು.

ಮಾರ್ಚಿನ ಒಂದು ಬುಧವಾರ ಬಾಸು ಎಲ್ಲರನ್ನೂ ಕರೆದು ನಿಲ್ಲಿಸಿದ. ಹಣ ಹಾಕಿದವರು ಕೈಯೆತ್ತಿದ್ದಾರೆ. ಶುಕ್ರವಾರ ಬಾಗಿಲು ಮುಚ್ಚುತ್ತದೆ.

ಹಿಂದಿನ ದಿನವೇ ದಾಕ್ಷಾಯಣಿಗೊಂದು ಮೇಲ್ ಬಂದಿತ್ತು. ಒಹಾಯೊದಲ್ಲಿ ಕೆಲಸ, ವೀಸಾ ಅವರೇ ಮಾಡಿಸುತ್ತಾರೆ, ಗುರುವಾರ ಸಂಜೆ ಐದರೊಳಗೆ ಉತ್ತರ ಬೇಕು. ಎರಡು ಸಾವಿರ ಮೈಲಿ ದೂರ! ಅವನು ಒಂದೇ ಒಂದು ಸಲ 'ಹೋಗಬೇಡಿ' ಅಂದರೆ ಸಾಕಿತ್ತು. ಕೇಳಲೇ? ಕೇಳುವುದು ಹೇಗೆ? ಅವನೋ ಮ್ಯಾನೇಜರುಗಳ ಜೊತೆ ಮೀಟಿಂಗಿನಲ್ಲಿದ್ದ.

ಗಾಳಿಗೆಂದು ಹೊರಬಿದ್ದವಳನ್ನು ಕಾಲುಗಳು ಚೈನಾಟೌನಿನ ಆ ಗಲ್ಲಿಗೇ ಎಳೆದವು.

ಮಿಸೆಸ್ ಲಿಯಾಂಗ್ ಇರಲಿಲ್ಲ. ಗಲ್ಲಾದಲ್ಲಿ ಅವಳ ಸೊಸೆ ಇದ್ದಳು. ದಾಕ್ಷಾಯಣಿ ಬೆರಳು ತೋರಿಸಿದಳು; ಗಾಡಿಯಿಂದ ತಟ್ಟೆ ಬಂತು. ತುಂಡು ಎತ್ತಿ ಬಾಯಿಯ ಹತ್ತಿರ ತಂದಳು...

ಅಂಚಿನಲ್ಲಿ ಏನೋ ಗುಲಾಬಿ ಬಣ್ಣದ್ದು, ಬಾಗಿಕೊಂಡು ಅಂಟಿತ್ತು. ಅದಕ್ಕೆ ಮೀಸೆಯಿತ್ತು. ಎಳ್ಳಿನ ಕಾಳಿನಷ್ಟು ಕಪ್ಪು ಕಣ್ಣಿತ್ತು.

"ಇದೇನು?" ತುಂಡನ್ನು ಗಲ್ಲಾದ ಕಡೆ ಚಾಚಿ ಕೇಳಿದಳು.

"ಒಣ ಸೀಗಡಿ," ಸೊಸೆ ಸಹಜವಾಗಿ ಹೇಳಿದಳು. "ಮತ್ತೆ ಹಂದಿ ಸಾಸೇಜು."

"ಇವತ್ತು ಮಾತ್ರವಾ?"

ಸೊಸೆ ನಕ್ಕಳು. "ಯಾವಾಗಲೂ! ಅದಿಲ್ಲದೆ ಮುಲ್ಲಂಗಿ ಕೇಕು ಹೇಗಾಗುತ್ತೆ?"

ಯಾವಾಗಲೂ!

ಕೈ ತಾನಾಗಿ ಕೊರಳ ಕರಡಿಗೆಯನ್ನು ಹಿಡಿದುಕೊಂಡಿತು. ಏಳು ತಿಂಗಳು... ಪ್ರತಿ ಗುರುವಾರ... ಊರಿನ ತಿಂಡಿಯನ್ನೆಲ್ಲ ಬಲ್ಲ ಆ ಮನುಷ್ಯ, ಎದುರಿಗೆ ಕೂತು, ಅವಳು ತಿನ್ನುವುದನ್ನು ನೋಡುತ್ತಿದ್ದ. ನೋಡುತ್ತ ನಗುತ್ತಿದ್ದ! ಗೆಳೆಯರ ಹತ್ತಿರ ಹೇಳಿಕೊಂಡಿರಬೇಕು: 'ಲಿಂಗ ಕಟ್ಟಿದ ಹುಡುಗಿಗೆ ಹಂದಿ ತಿನ್ನಿಸಿದೆ ಕಣೋ!'

ತಟ್ಟೆ ಅಲ್ಲೇ ಬಿಟ್ಟು ಎದ್ದಳು. ಅವತ್ತು ಸಂಜೆ ಮನೆಯ ಫೋನು ಐದು ಸಲ ರಿಂಗಾಯಿತು. "ದಾಕ್ಷಾಯಣಿಯವರೇ, ಎಲ್ಲಿದೀರಾ? ಹುಷಾರಿದೀರಾ?" ಆನ್ಸರಿಂಗ್ ಮೆಷಿನ್ನಿನಲ್ಲಿ ಅವನ ದನಿ. ಅವಳು ಎತ್ತಲಿಲ್ಲ.

ಗುರುವಾರ ಬೆಳಗ್ಗೆ ಏಳಕ್ಕೆ ಊರಿಗೆ ಫೋನು ಹಚ್ಚಿದಳು.

"ಏನವ್ವಾ, ಇವತ್ತ್ಯಾಕ? ದನಿ ಯಾಕ ಸಣ್ಣ ಆಗೈತಿ?"

ಅಪ್ಪನ ದನಿ ಕೇಳಿದ್ದೇ ತಡ, ಕಟ್ಟೆ ಒಡೆಯಿತು. "ಅಪ್ಪಾ... ನಾ ಸೀಗಡಿ ತಿಂದೀನಿ. ಹಂದೀನೂ. ಏಳು ತಿಂಗಳಿಂದ. ನನಗ ಗೊತ್ತಿರಲಿಲ್ಲಪಾ..."

ಆ ಕಡೆ ಅಪ್ಪ ಟಿವಿ ಆರಿಸಿದ ಸದ್ದು.

"ಯಾರ ಕೊಟ್ರು?"

"ಆಫೀಸಿನ ಹುಡುಗ. ಬರೇ ಮುಲ್ಲಂಗಿ ಅಂತ ಹೇಳಿದ್ದ."

"ಯಾವ ಹುಡುಗ?"

"ಅದ ಅಪ್ಪಾ... ನನ್ನ ಜೋಡಿ ಹೋಟೆಲಿಗೆ ಬರ್ತಾನಲ್ಲ..."

"ನೀ ಯಾವತ್ತ ಹೇಳಿದಿ? ಏಳು ತಿಂಗಳ ಒಬ್ಬ ಹುಡುಗನ ಜೋಡಿ ಕುಂತು ಉಂಡಿ, ನನಗ ಫೋನಿನ್ಯಾಗ ಮುಲ್ಲಂಗಿ ಸುದ್ದಿ ಅಷ್ಟ ಹೇಳೀದಿ!"

ಅಳುವಿನ ನಡುವೆಯೂ ದಾಕ್ಷಾಯಣಿಯ ಕಿವಿ ಬಿಸಿಯಾಯಿತು.

"ಜಳಕಾ ಮಾಡು. ವಿಭೂತಿ ಹಚ್ಕೋ, ಪೂಜಿ ಮಾಡ್ಕೋ," ಸಂಗನಬಸಪ್ಪನವರು ನಿಧಾನವಾಗಿ ಹೇಳಿದರು. "ತಿಳೀಲಾರದ ಆಗೈತಿ. ಅದರ ಚಿಂತಿ ಬಿಡು. ಆ ಹುಡುಗಗ ಗೊತ್ತಿತ್ತೇನು?"

"ಗೊತ್ತಿರಲೇಬೇಕು."

"ಕೇಳಿದೇನು?"

"...ಇಲ್ಲ."

"ಕೇಳಲಾರದ ಅಳಾಕತ್ತಿ? ಅರಿವಿ ಹರದೈತಿ ಅಂತ ಗಿರಾಕಿ ಬಂದ್ರ ನಾವು ಮೊದಲ ಬಿಚ್ಚಿ ನೋಡ್ತೀವಿ. ಆಮ್ಯಾಲ ಜಗಳ." ಆಮೇಲೆ ದನಿ ತಗ್ಗಿಸಿ ಕೇಳಿದರು. "ಅಂವ ನಮ್ಮ ಪೈಕಿ ಏನು?"

"ಅಲ್ಲಪಾ. ಮಂಡ್ಯದ ಗೌಡ್ರು. ಎಲ್ಲಾ ತಿಂತಾನ."

ದೊಡ್ಡ ನಿಟ್ಟುಸಿರು. "ನಿಮ್ಮವ್ವಗ ಇದನ್ನ ಹೆಂಗ ಹೇಳ್ಲಿ?"

"ಏನ್ ಹೇಳೂದೈತಿ? ಏನೂ ಇಲ್ಲ ಅಪ್ಪಾ!"

"ಏನೂ ಇಲ್ಲದ್ದಕ್ಕ ಯಾರೂ ಇಷ್ಟ ಅಳಂಗಿಲ್ಲ. ಹೋಗು, ಕೇಳು."

ಮಧ್ಯಾಹ್ನದ ಹೊತ್ತಿಗೆ ಹೋಟೆಲು ಕಿಕ್ಕಿರಿದಿತ್ತು. ಜಯರಾಮ್ ಎಂದಿನ ಮೇಜಿನಲ್ಲೇ ಕೂತಿದ್ದ. ಮುಖ ಬಾಡಿತ್ತು. ಅವನ ಮುಂದೆ ಒಂದು ತಟ್ಟೆ, ಆರದಿರಲೆಂದು ಮೇಲೊಂದು ತಟ್ಟೆ ಮುಚ್ಚಿತ್ತು. ಅವಳನ್ನು ಕಂಡು ಎದ್ದೇ ನಿಂತ.

"ಬಂದ್ರಾ! ನಿನ್ನೆಯಿಂದ ಎಷ್ಟು ಫೋನು..."

"ಇದರಾಗ ಏನೈತಿ?"

"ದಾಕ್ಷಾಯಣಿಯವರೇ, ಮೊದಲು ಕೂತ್ಕೊಳ್ಳಿ..."

"ಏನೈತಿ ಅಂತ ಕೇಳ್ದೆ!"

ತನ್ನ ಗಂಟಲಿನಿಂದ ಅಂಥ ದನಿ ಬರುವುದೆಂದು ಅವಳಿಗೇ ಗೊತ್ತಿರಲಿಲ್ಲ. ಪಕ್ಕದ ಮೇಜಿನ ಮುದುಕರು ಪೇಪರು ಕೆಳಗಿಳಿಸಿ ನೋಡಿದರು. ಆದರೂ ಅವಳು ಕೂರಲಿಲ್ಲ.

"ಮುಲ್ಲಂಗಿ, ಅಕ್ಕಿ ಹಿಟ್ಟು. ಉಪ್ಪು."

"ಸುಳ್ಳು! ನಿನ್ನೆ ನಾ ಒಬ್ಬಾಕೀನ ಬಂದಿದ್ದೆ ಇಲ್ಲಿಗೆ. ಸೀಗಡಿ ನೋಡೀನಿ. ಅದರ ಕಣ್ಣ ನೋಡೀನಿ!"

ಅವನ ಮುಖದಿಂದ ರಕ್ತ ಇಳಿದುಹೋಯಿತು. ಮೆಲ್ಲಗೆ ಕುಸಿದು ಕೂತ.

"ಮೊದಲನೇ ತಟ್ಟೆಯಲ್ಲಿ... ಇತ್ತು," ಅಂದ. "ನನಗೆ ಗೊತ್ತಿರಲಿಲ್ಲ, ದೇವರಾಣೆ. ನಿಮ್ಮ ಎರಡು ಸಾಲಿಗೆ ಸಹಾಯ ಆಗ್ಲಿ ಅಂತ ಮಾರನೇ ದಿನ ಫೋನ್ ಮಾಡಿ, ಹೇಗೆ ಮಾಡ್ತಾರೆ ಅಂತ ಕೇಳ್ದೆ. ಸೀಗಡಿ, ಸಾಸೇಜು ಅಂದ್ರು. ಆ ದಿನ ನನಗೆ ಊಟ ಸೇರಲಿಲ್ಲ ಕಣ್ರೀ. ನನಗೆ!"

"ಆಮ್ಯಾಲ?"

ಅವನು ಉತ್ತರಿಸುವ ಮೊದಲೇ ಮಿಸೆಸ್ ಲಿಯಾಂಗ್ ಏಪ್ರನ್ನಿಗೆ ಕೈ ಒರೆಸುತ್ತ ಓಡಿ ಬಂದಳು. ಜಗಳ ತನ್ನ ಅಡುಗೆಯ ಮೇಲೆಂದು ಅವಳ ಭಯ.

"ಕೆಟ್ಟಿದೆಯಾ? ಚೆನ್ನಾಗಿಲ್ಲವಾ?" ತನ್ನ ತುಂಡು ತುಂಡು ಇಂಗ್ಲಿಷಿನಲ್ಲಿ ಕೇಳಿದಳು.

"ಇದರಲ್ಲಿ ಸೀಗಡಿ ಇದೆಯಾ?" ದಾಕ್ಷಾಯಣಿ ಕೇಳಿದಳು.

"ಸೀಗಡಿಯಾ! ಇದರಲ್ಲಿ?" ಮುದುಕಿಗೆ ಅವಮಾನವಾದಂತಾಯಿತು. ದಡದಡನೆ ಒಳಗೆ ಹೋಗಿ, ಕೈಯಗಲದ ಒಂದು ಸಣ್ಣ ಟ್ರೇ ಹಿಡಿದು ಬಂದಳು. "ಇದು ನಿನ್ನದು. ಬೇರೆ ಟ್ರೇ, ಬೇರೆ ಬಾಣಲೆ, ಬೇರೆ ಎಣ್ಣೆ. ಪ್ರತಿ ಬುಧವಾರ ಇವನ ಫೋನು. ಸೀಗಡಿ ಬೇಡ, ಮಾಂಸ ಬೇಡ, ಆ ಚಮಚ ಮುಟ್ಟಬೇಡ... ನಾನು ಪ್ರತಿ ಬುಧವಾರ ಹೇಳ್ತೀನಿ, ಹುಡುಗಿಗೆ ಹೇಳು. ಇವನು? ಮುಂದಿನ ವಾರ! ಮುಂದಿನ ವಾರ!"

ಜಯರಾಮನ ಭುಜಕ್ಕೊಂದು ಏಟು ಕೊಟ್ಟು, ಗೊಣಗುತ್ತ ಹೋದಳು.

ದಾಕ್ಷಾಯಣಿ ನಿಂತೇ ಇದ್ದಳು. ಅವನ ಆ 'ಮುಂದಿನ ವಾರ' ಇದಾಗಿತ್ತೇ...! ಎದೆಯ ಮೇಲಿದ್ದ ಕಲ್ಲು ಸರಿಯಿತು. ಆದರೆ ಅದರ ಕೆಳಗೆ ಇನ್ನೊಂದಿತ್ತು.

"ಅವತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ಏನು ಮಾಡ್ತಿದ್ರಿ?"

ಅವಳು ಯೋಚಿಸಿದಳು. ನಿಜ ಹೇಳಬೇಕೆನ್ನಿಸಿತು. "ಅಳ್ತಿದ್ದೆ. ಎರಡು ದಿನ ಉಣ್ತಿರಲಿಲ್ಲ."

"ಆಮೇಲೆ? ನನ್ನ ಜೊತೆ ಬರ್ತಿದ್ರಾ?"

"...ಇಲ್ಲ. ಬರ್ತಿರಲಿಲ್ಲ."

"ಅದಕ್ಕೇ." ಅವನು ಮೇಜು ನೋಡುತ್ತಿದ್ದ. "ನಿಮಗೆ ನೋವಾಗುತ್ತೆ ಅಂತ ನನಗೆ ನಾನೇ ಹೇಳ್ಕೊಂಡೆ. ನಿಜವಾಗಿ ಹೆದರಿಕೆ ನಂದೇ. ನೀವು ಬರೋದು ನಿಲ್ಲಿಸ್ತೀರಿ ಅಂತ. ತಪ್ಪು ಮಾಡ್ದೆ."

ಹೋಟೆಲಿನ ಗದ್ದಲವೆಲ್ಲ ದೂರವಾದಂತಿತ್ತು. ದಾಕ್ಷಾಯಣಿ ಮೆಲ್ಲಗೆ ಕುರ್ಚಿ ಎಳೆದು ಕೂತಳು.

"ನನಗ ಒಹಾಯೊದಾಗ ಕೆಲಸ ಬಂದೈತಿ. ಇವತ್ತ ಐದರೊಳಗ ಹೇಳಬೇಕು."

ಅವನು ತಲೆ ಎತ್ತಿದ. ಏನೋ ಹೇಳಲು ಹೋಗಿ ನುಂಗಿದ. ಅವಳಿಗೆ ಸಿಟ್ಟು ಬಂತು.

"ಮತ್ತ ನುಂಗಾಕತ್ತೀರಿ! ಏನ ಇದ್ರೂ ಇವತ್ತಿಂದ ಇವತ್ತ ಹೇಳ್ಬೇಕು. ಮುಂದಿನ ವಾರ ನಾವಿಬ್ಬರೂ ಇಲ್ಲಿ ಇರಂಗಿಲ್ಲ."

"ಹೋಗ್ಬೇಡಿ," ಅಂದ ಅವನು. ದನಿ ಒಡೆದಿತ್ತು. "ಸ್ಯಾನ್ ಹೋಸೆಯಲ್ಲಿ ಒಂದು ಇಂಟರ್‌ವ್ಯೂಗೆ ಕರೆದಿದ್ದಾರೆ, ಸಿಗುತ್ತೋ ಇಲ್ವೋ ಗೊತ್ತಿಲ್ಲ. ಇಂಥ ಹೊತ್ತಲ್ಲಿ ಯಾರನ್ನೂ ಇರಿ ಅನ್ನೋ ಯೋಗ್ಯತೆ ನನಗಿಲ್ಲ. ಆದರೂ ಹೋಗ್ಬೇಡಿ. ನೀವು ಎದುರಿಗೆ ಕೂತು ಕೇಳದೇ ಇದ್ರೆ, ತಿಂದದ್ದು ಏನು ಅಂತಾನೇ ನನಗೆ ಗೊತ್ತಾಗಲ್ಲ ದಾಕ್ಷಾಯಣಿ. ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗಲ್ಲ."

'ಅವರೇ' ಬಿಟ್ಟುಹೋಗಿತ್ತು. ಅವನು ಗಮನಿಸಲಿಲ್ಲ. ಅವಳು ಗಮನಿಸಿದಳು.

ಅವಳು ಎರಡೂ ಕೈಯಲ್ಲಿ ಚಹಾದ ಬಟ್ಟಲು ಹಿಡಿದುಕೊಂಡಿದ್ದಳು. ಕೊನೆಗೆ ಆ ಬಟ್ಟಲಿಗೇ ಹೇಳುವಂತೆ ಅಂದಳು:

"ಮನ್ಯಾಗ ಕೋಳಿ ಮಾಡಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ಆದ್ರ ಪಾತ್ರಿ ಬ್ಯಾರೆ ಇರಬೇಕು. ಸೌಟೂ ಬ್ಯಾರೆ. ತಿಕ್ಕೋ ಬ್ರಷ್ಷೂ ಬ್ಯಾರೆ."

ಅವನಿಗೆ ಅರ್ಥವಾಗಲಿಲ್ಲ. "ಯಾರ ಮನೇಲಿ?"

ಅವಳು ತಲೆ ಎತ್ತಲಿಲ್ಲ. ಕಿವಿಯ ತುದಿಯವರೆಗೂ ಕೆಂಪಾಗಿದ್ದಳು.

ಅವನಿಗೆ ನಿಧಾನವಾಗಿ ತಿಳಿಯಿತು. ಕುರ್ಚಿ ಹಿಡಿದುಕೊಂಡ. "ಇನ್ನೊಂದು ಸಲ ಹೇಳಿ..."

"ಇಲ್ಲ! ಒಮ್ಮೆ ಹೇಳೂದ್ರಾಗ ಜೀವ ಹೋಗೈತಿ. ಇನ್ನ ಒಹಾಯೊದವರಿಗೆ ಬ್ಯಾರೆ ಐದರೊಳಗ 'ಆಗಂಗಿಲ್ಲ' ಅಂತ ಹೇಳೂದೈತಿ."

"ಸರಿ ಸರಿ. ಬ್ರಷ್ ಯಾವ ಬಣ್ಣದ್ದು ತರಲಿ?"

"ನಂದು ಹಸರ. ನಿಮ್ಮದು ಕೆಂಪು." ಇನ್ನೂ ಸಣ್ಣ ದನಿಯಲ್ಲಿ ಸೇರಿಸಿದಳು, "ನಿಮ್ಮ ಪಾತ್ರಿ ನಾ ತಿಕ್ಕಂಗಿಲ್ಲ, ಈಗ ಹೇಳ್ತೀನಿ."

"ಎರಡೂ ನಾನೇ ತಿಕ್ತೀನಿ," ಅಂದ ಜಯರಾಮ್. "ನೀನು ಪಕ್ಕದಲ್ಲಿ ನಿಂತ್ಕೋ. ಸಾಕು."